ಪಾನಾಕ್ಕೂ ಒಂದು ಪರೀಕ್ಷೆ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ದಾರಿಯಲ್ಲಿ ಬಸ್ಸುಗಳಿಗಿಂತ ಟ್ರ್ಯಾಕ್ಟರುಗಳೇ ಹೆಚ್ಚು. ಒಂದೊಂದರ ಬೆನ್ನಿಗೆ ಎರಡೆರಡು ಟ್ರೇಲರು, ಅವುಗಳ ಮೇಲೆ ಮನೆಯೆತ್ತರದ ಕಬ್ಬು. ನಮ್ಮ ಭಾಗಕ್ಕೆ ಈ ಸಿರಿ ಪುಕ್ಕಟೆಯಾಗಿ ಬಂದದ್ದಲ್ಲ. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ಮುಂದಾಳು ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದೇ ಮನೆಮಾತಾದರು. ನೀರು ಬಂತು, ಕಬ್ಬು ಬಂತು, ಕಬ್ಬಿನ ಹಿಂದೆ ಗಾಲಿಗಳು ಬಂದವು.

ಆ ಗಾಲಿಗಳಲ್ಲಿ ಒಂದು ಕಳೆದ ಹಂಗಾಮಿನಲ್ಲಿ ನಮ್ಮ ಶಾಲೆಯ ತಿರುವಿನಲ್ಲಿ ಕಳಚಿಬಿತ್ತು. ಟ್ರೇಲರು ವಾಲಿ ಕಬ್ಬೆಲ್ಲ ರಸ್ತೆಗೆ ಸುರಿಯಿತು. ಶಾಲೆ ಬಿಡುವ ಹೊತ್ತಾಗಿರಲಿಲ್ಲ. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಗಾಲಿಯನ್ನು ಹಿಡಿದಿದ್ದ ಬೋಲ್ಟುಗಳು ಕತ್ತರಿಸಿದ ಹಾಗೆ ತುಂಡಾಗಿದ್ದವು. ‘ನಟ್ಟು ಬಿಗಿ ಮಾಡಿಸದೇ ಗಾಡಿ ತಂದಿ’ ಎಂದು ಮಾಲೀಕರು ಡ್ರೈವರನನ್ನು ಕೆಲಸದಿಂದ ಇಳಿಸಿದರು.

ಆ ಡ್ರೈವರನ ಮಗ ನಮ್ಮಲ್ಲಿ ಹತ್ತನೆಯ ತರಗತಿ. ಮರುದಿನ ಪಾಠ ಮುಗಿದ ಮೇಲೆ ನನ್ನ ಹತ್ತಿರ ಬಂದು ನಿಂತ. “ಸರ್, ನಮ್ಮಪ್ಪ ಮುಂಜಾನೆನ ಗ್ಯಾರೇಜಿನ್ಯಾಗ ಗಾಲಿ ಹಾಕಿಸಿಕೊಂಡು ಬಂದಿದ್ದರಿ. ಮೇಸ್ತ್ರಿ ಟಾರ್ಕ್ ರೆಂಚಿಲೆ ‘ಟಕ್’ ಅನ್ನೂ ಮಟ ಬಿಗದಾನರಿ. ಆದ್ರೂ ಯಾಕ ಕಳಚಿತ್ರಿ?”

ಇಪ್ಪತ್ತೆಂಟು ವರ್ಷಗಳಿಂದ ನಾನು ಸನ್ನೆ ಕಲಿಸುತ್ತಿದ್ದೇನೆ. ಬಲವನ್ನು ಲಂಬದೂರದಿಂದ ಗುಣಿಸಿದರೆ ತಿರುಗಿಸುವ ಪರಿಣಾಮ, ಅದೇ ಟಾರ್ಕ್, ಅದರ ಮಾನ ನ್ಯೂಟನ್-ಮೀಟರ್ ಎಂದು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆದರೆ ಒಮ್ಮೆಯೂ ಟಾರ್ಕ್ ರೆಂಚನ್ನು ಕೈಯಲ್ಲಿ ಹಿಡಿದವನಲ್ಲ. “ನೋಡೋಣಪಾ” ಎಂದೆ. ಅವನಿಗೆ ಅದು ಉತ್ತರವಲ್ಲವೆಂದು ನನಗೂ ಗೊತ್ತಿತ್ತು.

ಪುಣೆಯಲ್ಲಿ ವಾಹನ ಕಾರ್ಖಾನೆಯೊಂದರಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ. ರಜೆಗೆ ಊರಿಗೆ ಬಂದಾಗ ಅವನು ಒಂದು ಪುಟ್ಟ ಸಾಧನವನ್ನೂ ತನ್ನ ಜೀಪನ್ನೂ ನನ್ನ ವಶಕ್ಕೆ ಕೊಟ್ಟ. ಸಾಧನದ ಹೆಸರು ಡಿಜಿಟಲ್ ಟಾರ್ಕ್ ಅಡಾಪ್ಟರ್. ಮುಷ್ಟಿಯಲ್ಲಿ ಹಿಡಿಸುವಷ್ಟು ದೊಡ್ಡದು. ಒಂದು ಕಡೆ ಚೌಕ ತೂತು, ಇನ್ನೊಂದು ಕಡೆ ಚೌಕ ಮೂತಿ, ನಡುವೆ ಅಂಕಿ ತೋರಿಸುವ ಪುಟ್ಟ ಪರದೆ. ಪಾನಾಕ್ಕೂ ಸಾಕೆಟ್ಟಿಗೂ ನಡುವೆ ಇದನ್ನು ಸೇರಿಸಿ ತಿರುಗಿಸಿದರೆ ನಟ್ಟಿಗೆ ಎಷ್ಟು ಟಾರ್ಕ್ ಹೋಗುತ್ತಿದೆ ಎಂಬುದು ಪರದೆಯ ಮೇಲೆ ಮೂಡುತ್ತದೆ.

ಒಳಗಿನ ಗುಟ್ಟು ಪಿಯುಸಿ ಓದುವವರಿಗೆ ಹೊಸದೇನಲ್ಲ. ತಿರುವಿದಾಗ ಉಕ್ಕಿನ ದಂಡವೂ ಕಣ್ಣಿಗೆ ಕಾಣದಷ್ಟು ಹೊಸೆದುಕೊಳ್ಳುತ್ತದೆ. ಅದಕ್ಕೆ ಅಂಟಿಸಿದ ತೆಳುವಾದ ಲೋಹದ ಪಟ್ಟಿಯೂ ಜೊತೆಗೆ ಹಿಗ್ಗಿ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಎಳೆದ ತಂತಿಯ ರೋಧ ಬದಲಾಗುವುದನ್ನು ಕೆಲ್ವಿನ್ 1856ರಲ್ಲೇ ತೋರಿಸಿದ್ದರು. ಆ ಅತಿ ಸಣ್ಣ ಬದಲಾವಣೆಯನ್ನು ಹಿಡಿಯುವುದು ಪ್ರಯೋಗಾಲಯದಲ್ಲಿ ನಿಮಗೆ ಪರಿಚಯವಾದ ವ್ಹೀಟ್‌ಸ್ಟನ್ ಸೇತುವೆ.

“ಈ ಡಬ್ಬಿ ಖರೇ ಹೇಳತೈತಿ ಅಂತ ಹೆಂಗ ನಂಬೂದರಿ?” ಎಂದು ಹುಡುಗ ಕೇಳಿದ. ಅಂದು ಅವನಿಗೆ ನಾನು ನೂರಕ್ಕೆ ನೂರು ಅಂಕ ಕೊಟ್ಟೆ. ಕಿರಾಣಿ ಅಂಗಡಿಯಿಂದ 20 ಕಿಲೋದ ಕಬ್ಬಿಣದ ತೂಕದ ಕಲ್ಲನ್ನು ಕೇಳಿ ತಂದೆವು. ಅದರ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುತ್ತದೆ. ಆ ಮುದ್ರೆಯ ಬೆನ್ನು ಹತ್ತಿ ಹೋದರೆ ದಾರಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಮುಟ್ಟುತ್ತದೆ. ಭಾರತದ ಪಾಲಿಗೆ ಬಂದ 57ನೆಯ ನಂಬರಿನ ಪ್ಲಾಟಿನಮ್-ಇರಿಡಿಯಮ್ ಕಿಲೋಗ್ರಾಮು ಅಲ್ಲಿದೆ. 2019ರ ಮೇ 20ರಿಂದ ಕಿಲೋಗ್ರಾಮಿಗೆ ಲೋಹದ ತುಂಡು ಆಧಾರವಲ್ಲ, ಪ್ಲಾಂಕ್ ಸ್ಥಿರಾಂಕ ಆಧಾರ. ಆದರೂ ಮೇಲಿನಿಂದ ಕೆಳಗೆ ಒಂದರಿಂದ ಇನ್ನೊಂದನ್ನು ಒರೆಗೆ ಹಚ್ಚುವ ಸರಪಳಿ ಹಾಗೆಯೇ ಇದೆ. ಅದರ ಕೊನೆಯ ಕೊಂಡಿ ಜಮಖಂಡಿಯ ಕಿರಾಣಿ ಅಂಗಡಿಯಲ್ಲಿ ಸಿಕ್ಕಿತು!

ಅಡಾಪ್ಟರನ್ನು ಬೆಂಚ್‌ವೈಸಿನಲ್ಲಿ ಭದ್ರವಾಗಿ ಹಿಡಿಸಿ, ಅದಕ್ಕೆ ಉದ್ದನೆಯ ಪೈಪನ್ನು ಮಟ್ಟಸವಾಗಿ ಕೂಡಿಸಿದೆವು. ಪೈಪಿಗೂ ತನ್ನದೇ ತೂಕವಿದೆಯಲ್ಲ? ಆದ್ದರಿಂದ ಪೈಪು ಕೂಡಿಸಿದ ಮೇಲೆಯೇ ಪರದೆಯನ್ನು ಸೊನ್ನೆಗೆ ತಂದೆವು. ಆಮೇಲೆ ಅಕ್ಷದಿಂದ ಅರ್ಧ ಮೀಟರಿಗೆ ತೂಕ ತೂಗುಹಾಕಿದೆವು. ಗುರುತ್ವ ವೇಗೋತ್ಕರ್ಷ ಪುಸ್ತಕದಲ್ಲಿ 9.8, ನಮ್ಮ ಅಕ್ಷಾಂಶಕ್ಕೆ 9.78 ಹೆಚ್ಚು ಸರಿ. 20 ಗುಣಿಲೆ 9.78 ಗುಣಿಲೆ 0.5, ಅಂದರೆ 97.8 ನ್ಯೂಟನ್-ಮೀಟರ್. ಪರದೆ ತೋರಿಸಿದ್ದು 98.2. ಒಂದು ಮೀಟರಿಗೆ ಲೆಕ್ಕ 195.6, ಪರದೆ 196.1. ಒಂದೂವರೆ ಮೀಟರಿಗೆ ಲೆಕ್ಕ 293.4, ಪರದೆ 294.5. ಹುಡುಗ ಗ್ರಾಫ್ ಹಾಳೆಯಲ್ಲಿ ಮೂರು ಚುಕ್ಕೆ ಇಟ್ಟು ಗೆರೆ ಎಳೆದ, ನೆಟ್ಟಗೆ ಬಂತು. ಡಬ್ಬಿ ಪಾಸಾಯಿತು.

ರವಿವಾರ ಬೆಳಿಗ್ಗೆ ಮೂವರೂ ಹೊರಟೆವು. ಜೀಪಿನ ಚಾಲಕ ಯಾರೆಂದು ಹೇಳಬೇಕಿಲ್ಲ. ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದ ಹುಡುಗನ ತಂದೆ. ದಾರಿಯುದ್ದಕ್ಕೂ ಆತ ಹೆಚ್ಚು ಮಾತಾಡಲಿಲ್ಲ.

ಮೊದಲು ರಬಕವಿ-ಬನಹಟ್ಟಿ. ಇಲ್ಲಿ ಓಣಿ ಹೊಕ್ಕರೆ ಸಾಕು, ಪವರ್‌ಲೂಮುಗಳ ಸದ್ದು ಎದೆಗೆ ಬಡಿಯುತ್ತದೆ. ಪರಿಚಯದ ನೇಕಾರರೊಬ್ಬರು ಹಾಸಿನ ಎಳೆಗಳ ಮೇಲೆ ಅಂಗೈ ಆಡಿಸಿ, “ಬಿಗುವು ಹೆಚ್ಚಾದ್ರ ಎಳಿ ಹರೀತಾವರಿ, ಕಡಿಮಿ ಆದ್ರ ಬಟ್ಟಿ ಜಾಳಾಗತೈತರಿ” ಎಂದರು. ಬೋಲ್ಟಿನ ಕಥೆಯೂ ಇದೇ. ನಟ್ಟು ಬಿಗಿದಾಗ ಬೋಲ್ಟು ಒಂದಿಷ್ಟು ಹಿಗ್ಗುತ್ತದೆ, ಗಟ್ಟಿಯಾದ ಸ್ಪ್ರಿಂಗಿನ ಹಾಗೆ. ಮರಳಿ ಕುಗ್ಗಲು ಹವಣಿಸುವ ಆ ಎಳೆತವೇ ಗಾಲಿಯನ್ನು ಹಬ್ಬಿಗೆ ಒತ್ತಿ ಹಿಡಿಯುವುದು. ಅತಿಯಾಗಿ ಬಿಗಿದರೆ ಬೋಲ್ಟು ಮಿತಿ ಮೀರಿ ಹಿಗ್ಗಿ ಸೋಲುತ್ತದೆ. ಸಡಿಲವಾದರೆ ಗಾಲಿ ಪ್ರತಿ ಸುತ್ತಿಗೂ ಕೊಂಚ ಅಲುಗಿ, ಬೋಲ್ಟು ಹಿಂದೆ ಮುಂದೆ ಬಾಗಿ ಬಾಗಿ ದಣಿದು ಒಂದು ದಿನ ತುಂಡಾಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಮುಂದೆ ಕುಳಿತ ಚಾಲಕ ಈ ಮಾತಿಗೆ ಮೊದಲ ಸಲ ತಿರುಗಿ ನೋಡಿದ.

ಹುಡುಗನಿಗೆ ಮಗ್ಗದ ಸಣ್ಣ ತಿರುಪೊಂದನ್ನು ಅಳೆಯುವ ಆಸೆ. ನಾನು ಬೇಡವೆಂದೆ. ನಮ್ಮ ಅಡಾಪ್ಟರು 340 ನ್ಯೂಟನ್-ಮೀಟರಿನವರೆಗೆ ಅಳೆಯುವಂಥದು. ಐದಾರು ನ್ಯೂಟನ್-ಮೀಟರಿಗೆ ಅದನ್ನು ನಂಬುವುದೆಂದರೆ ಕಬ್ಬು ತೂಗುವ ಕಾಟಾದ ಮೇಲೆ ಬಂಗಾರ ತೂಗಿದ ಹಾಗೆ. ಯಾವ ಸಾಧನಕ್ಕೂ ತನ್ನ ವ್ಯಾಪ್ತಿ ಎಂಬುದೊಂದಿದೆ.

ಮಹಾಲಿಂಗಪುರದ ಬೆಲ್ಲದ ಪೇಟೆ ದಾಟಿ ಮುಧೋಳಕ್ಕೆ ಬಂದೆವು. ಕವಿ ರನ್ನನ ಊರಿದು. ಬಳೆಗಾರರ ಮನೆಯ ಹುಡುಗ ಹತ್ತನೆಯ ಶತಮಾನದಲ್ಲಿ ಚಾಲುಕ್ಯರ ಆಸ್ಥಾನಕ್ಕೇರಿ ‘ಗದಾಯುದ್ಧ’ ಬರೆದ. ಭೀಮನ ಗದೆಯಲ್ಲಿ ತೂಕವೆಲ್ಲ ತುದಿಗೇ ಯಾಕೆ ಎಂದು ಕೇಳಿದೆ. “ದೂರ ಹೆಚ್ಚಾದ್ರ ಪೆಟ್ಟು ಹೆಚ್ಚಲ್ಲರಿ ಸರ್” ಎಂದ ಹುಡುಗ. ತಂದೆ ನಕ್ಕ.

ನಗು ಬಹಳ ಹೊತ್ತು ಉಳಿಯಲಿಲ್ಲ. ನಾವು ಹೋಗಬೇಕಿದ್ದದ್ದು ಅಂದು ಗಾಲಿ ಹಾಕಿದ್ದ ಗ್ಯಾರೇಜಿಗೆ. ಮೇಸ್ತ್ರಿ ನನ್ನ ವಯಸ್ಸಿನವರು. ತಪ್ಪು ಹುಡುಕಲು ಬಂದವರೆಂದು ತಿಳಿದು ಅವರ ಮುಖ ಬಿಗಿಯಿತು. “ಬರ್ರಿ ಸರ್, ನಮ್ಮದೇನ ಮುಚ್ಚುಮರಿ ಇಲ್ಲ” ಎಂದು ರೆಂಚು ತಂದು ಮುಂದಿಟ್ಟರು. ಹಿಡಿಯ ಮೇಲಿನ ಗುರುತು 300ಕ್ಕೆ ನಿಂತಿತ್ತು. “ಯಾವಾಗಲೂ ಅಲ್ಲೇ ಇರತೈತರಿ. ಮತ್ತ ಮತ್ತ ಯಾಕ ತಿರುವೂದು?”

ಯಾರದೋ ಗಾಡಿಯ ಮೇಲೆ ಪ್ರಯೋಗ ಬೇಡವೆಂದು ವೈಸಿನಲ್ಲಿ ದಪ್ಪ ಬೋಲ್ಟು ಹಿಡಿಸಿದೆವು. ಪರದೆಯನ್ನು ಸೊನ್ನೆಗೆ ತಂದು, ಅತಿ ಹೆಚ್ಚಿನ ಅಂಕಿಯನ್ನು ಹಿಡಿದಿಡುವ ಗುಂಡಿ ಒತ್ತಿದೆವು. ಮೊದಲ ಮೂರು ಎಳೆತ ರೆಂಚಿನ ಮೈ ಸಡಿಲಾಗಲಿಕ್ಕೆ, ಅವು ಲೆಕ್ಕಕ್ಕಿಲ್ಲ. ಆಮೇಲೆ ಹಿಡಿಯ ಸರಿಮಧ್ಯವನ್ನು ಹಿಡಿದು, ಜಗ್ಗಾಡದೆ, ನಿಧಾನಕ್ಕೆ ‘ಟಕ್’ ಎನ್ನುವವರೆಗೆ ಐದು ಸಲ ಎಳೆಯಬೇಕು. ಎಳೆದವರು ಮೇಸ್ತ್ರಿಯೇ, ಬರೆದುಕೊಂಡವನು ಹುಡುಗ: 246, 249, 244, 247, 245. ಸರಾಸರಿ 246.2. ಮುನ್ನೂರು ಎಂದು ಹೇಳಿ ರೆಂಚು ಕೊಡುತ್ತಿದ್ದದ್ದು ನೂರಕ್ಕೆ ಹದಿನೆಂಟು ಕಡಿಮೆ! ಇಂಥ ರೆಂಚುಗಳಿಗೆ ಐಎಸ್‌ಒ 6789 ಎಂಬ ಅಂತರರಾಷ್ಟ್ರೀಯ ಮಾನಕ ಒಪ್ಪುವ ವ್ಯತ್ಯಾಸ ನೂರಕ್ಕೆ ನಾಲ್ಕು ಮಾತ್ರ. ವರ್ಷಕ್ಕೊಮ್ಮೆ ಇಲ್ಲವೇ 5000 ಸಲ ಬಳಸಿದ ಮೇಲೆ, ಯಾವುದು ಮೊದಲೋ ಆಗ, ಪರೀಕ್ಷೆ ಮಾಡಿಸಬೇಕೆಂಬುದು ರೂಢಿ.

ಅಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ವರ್ಷಗಟ್ಟಲೆ ಬಿಗಿದ ಸ್ಥಿತಿಯಲ್ಲೇ ಇದ್ದ ಒಳಗಿನ ಸ್ಪ್ರಿಂಗು ಸೋತಿರಬೇಕು, ಆದ್ದರಿಂದ ಬೇಗನೆ ‘ಟಕ್’ ಎನ್ನುತ್ತಿದೆ ಎಂದು ನಾನು ವಿವರಿಸಿದೆ. ಕೆಲಸ ಮುಗಿದ ಮೇಲೆ ಗುರುತನ್ನು ಅತ್ಯಂತ ಕೆಳಗಿನ ಅಂಕಿಗೆ ಇಳಿಸಿಡಬೇಕು. ಅದಕ್ಕಿಂತ ಕೆಳಗೆ ಪೂರ್ತಿ ಬಿಚ್ಚಬಾರದು. ಮೇಸ್ತ್ರಿ ರೆಂಚನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೇ ಇದ್ದರು. “ಮೂವತ್ತ ವರ್ಷದಾಗ ಕಸಬಿನ್ಯಾಗ ಮೋಸ ಮಾಡಿಲ್ಲರಿ ಸರ್” ಎಂದರು. ಮೋಸ ಅವರದಲ್ಲ, ಅವರು ನಂಬಿದ ಸಾಧನದ್ದು. ಆದರೆ ಆ ನಂಬಿಕೆಯ ದಂಡ ಕಟ್ಟಿದವನು ಡ್ರೈವರು.

ಹಾಗೆಂದು ನಾನು ತೀರ್ಪು ಕೊಡುವ ಹಾಗಿಲ್ಲ. ಆ ಬೋಲ್ಟುಗಳು ಗುಜರಿಗೆ ಹೋಗಿವೆ. ರಿಮ್ಮಿಗೆ ಹೊಸ ಬಣ್ಣ ಬಳಿದಿತ್ತಂತೆ. ದಪ್ಪ ಬಣ್ಣ ನಟ್ಟಿನ ಕೆಳಗೆ ನಲುಗಿದರೆ ಬಿಗುವು ಇಳಿಯುತ್ತದೆ. ಹೊಸದಾಗಿ ಹಾಕಿದ ಗಾಲಿ ಸ್ವಲ್ಪ ದೂರ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಬೇಕು. ಅದನ್ನು ಚಾಲಕ ಮಾಡಿರಲಿಲ್ಲ, ಒಪ್ಪಿಕೊಂಡ. ಇನ್ನೊಂದು ಮಾತನ್ನು ಎಲ್ಲರೂ ನೆನಪಿಡಬೇಕು. ನಾವು ಹಾಕುವ ನೂರು ಪಾಲು ಟಾರ್ಕಿನಲ್ಲಿ ಸುಮಾರು ಐವತ್ತು ನಟ್ಟಿನ ಅಡಿಯ ಘರ್ಷಣೆಗೆ, ನಲವತ್ತು ಎಳೆಗಳ ಘರ್ಷಣೆಗೆ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತೇ ಪಾಲು. ಕೈಪಿಡಿ ಹೇಳದೆ ಎಣ್ಣೆ ಸವರಿದರೆ ಘರ್ಷಣೆ ಇಳಿದು, ಅದೇ ಅಂಕಿಗೆ ಬೋಲ್ಟು ಅತಿಯಾಗಿ ಹಿಗ್ಗೀತು. ತುಕ್ಕು ಹಿಡಿದಿದ್ದರೆ ರೆಂಚು ‘ಟಕ್’ ಎಂದರೂ ಗಾಲಿ ಸಡಿಲ. ಸರಿಯಾದ ಅಂಕಿ ಯಾವುದೆಂದು ಆಯಾ ವಾಹನದ ಕೈಪಿಡಿಯನ್ನೇ ಕೇಳಬೇಕು.

ಸಂಜೆಗೆ ಬೀಳಗಿ ಸೇರಿದೆವು. ಆಲಮಟ್ಟಿಯ ಹಿನ್ನೀರು ಈ ತಾಲೂಕಿನ ಎಷ್ಟೋ ಹೊಲ ಮನೆಗಳನ್ನು ನುಂಗಿದೆ. ಆದರೆ ಹಳೆಯ ಆರೆತ್ತಿನ ಬಾವಿ ಊರಲ್ಲಿ ಉಳಿದಿದೆ. ಮೀಟರು, ಲೀಟರು ಇಲ್ಲದ ಕಾಲದಲ್ಲಿ ಬಾವಿಯ ದೊಡ್ಡಸ್ತಿಕೆಯನ್ನು ಎತ್ತಿನ ಲೆಕ್ಕದಲ್ಲಿ ಹೇಳಿದ ಹೆಸರು. “ಎತ್ತು ಬಡಕಲಾಗಿದ್ರ ಲೆಕ್ಕಾನೂ ತಪ್ಪತಿತ್ತಲ್ಲರಿ ಸರ್?” ಎಂದ ಹುಡುಗ. ಈ ಒಂದು ಪ್ರಶ್ನೆಗಾಗಿ ನಾನು ಇನ್ನೂ ನೂರು ಮೈಲಿ ತಿರುಗಬಲ್ಲೆ. ಪಾಲಕರಲ್ಲಿ ನನ್ನ ಬಿನ್ನಹ ಇಷ್ಟೇ: ಮಕ್ಕಳು ಅಂಕ ಎಷ್ಟು ತಂದರೆಂದು ಕೇಳುವಾಗ, ಯಾವ ಪ್ರಶ್ನೆ ತಂದರೆಂದೂ ಒಮ್ಮೆ ಕೇಳಿ.

ಎಂಟು ದಿನಗಳ ಮೇಲೆ ಮುಧೋಳದ ಮೇಸ್ತ್ರಿ ಯಾರೂ ಹೇಳದೆಯೇ ಟ್ರ್ಯಾಕ್ಟರಿನ ಮಾಲೀಕರ ಮನೆಗೆ ಹೋಗಿ, ಹುಡುಗ ಬರೆದ ಐದು ಅಂಕಿಗಳ ಚೀಟಿಯನ್ನು ಮುಂದಿಟ್ಟು, “ನನ್ನ ಪಾನಾ ಸುಳ್ಳು ಹೇಳಿತ್ರಿ” ಎಂದರಂತೆ. ಡ್ರೈವರು ಮತ್ತೆ ಕೆಲಸಕ್ಕೆ ಹತ್ತಿದ್ದಾನೆ. ರೆಂಚು ದುರಸ್ತಿಯಾಗಿ ಬಂದಿದೆ. ಅದರ ಹಿಡಿಗೆ ಅಂಟಿಸಿದ ಪಟ್ಟಿಯ ಮೇಲೆ ಪರೀಕ್ಷೆ ಮಾಡಿದ ತಾರೀಖು ಇದೆ.

ತಿಂಗಳ ಮೊದಲ ರವಿವಾರ ನಮ್ಮ ಪ್ರಯೋಗಾಲಯದ ಬಾಗಿಲು ಈಗ ತೆರೆದಿರುತ್ತದೆ. ಮೇಸ್ತ್ರಿಗಳು ರೆಂಚು ತರುತ್ತಾರೆ, ಮಕ್ಕಳು ಅಂಕಿ ಬರೆದುಕೊಳ್ಳುತ್ತಾರೆ. ಅಡಾಪ್ಟರನ್ನು ಮಾತ್ರ ಪ್ರತಿ ಸಲವೂ ಮೊದಲು ಆ 20 ಕಿಲೋದ ಕಲ್ಲಿಗೆ ತೂಗುತ್ತೇವೆ.