ದಾರಿ ಗೊತ್ತಿದ್ದರೆ ಮಜಾ ಕಡಿಮೆಯೇ?

ರೋಲರ್ ಕೋಸ್ಟರ್ ಹತ್ತುವ ಮುಂಚೆ ಅದು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ತಲೆಕೆಳಗಾಗುತ್ತದೆ ಎಂದು ತಿಳಿದುಕೊಂಡರೆ ಮಜಾ ಹೆಚ್ಚೋ, ಕಡಿಮೆಯೋ? ಇದು ಪಠ್ಯಪುಸ್ತಕದ ಪ್ರಶ್ನೆಯಲ್ಲ. ಕಾಲೇಜಿನ ಪ್ರವಾಸದಲ್ಲಿ ಹೈದರಾಬಾದಿನಿಂದ ವಾಪಸ್ ಬರುವಾಗ ನಮ್ಮ ಬಸ್ಸಿನ ಹಿಂದಿನ ಸೀಟುಗಳಲ್ಲಿ ಈ ಪ್ರಶ್ನೆಯ ಮೇಲೆ ದೊಡ್ಡ ವಾದವೇ ನಡೆಯಿತು. ಮೇಡಂ ಎದ್ದು ಬಂದು "ಸಾಕು, ಮಲಗಿರಿ" ಎನ್ನುವವರೆಗೂ ಅದು ಮುಗಿಯಲಿಲ್ಲ. ಆ ವಾದವನ್ನು ಇಲ್ಲಿ ನನ್ನ ಕಡೆಯಿಂದ ಮುಂದುವರಿಸುತ್ತಿದ್ದೇನೆ.

ಮೊದಲು ವಿಷಯ ಹೇಳುತ್ತೇನೆ. ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕ 2016ರಲ್ಲಿ ಶುರುವಾದ ವಂಡರ್‌ಲಾ ಪಾರ್ಕಿನಲ್ಲಿ 'ರಿಕಾಯಿಲ್' ಎಂಬ ರೋಲರ್ ಕೋಸ್ಟರ್ ಇದೆ. ಇಂಥದ್ದಕ್ಕೆ 'ಬೂಮರಾಂಗ್' ಮಾದರಿ ಎನ್ನುತ್ತಾರೆ. ಗಾಡಿಯನ್ನು ಮೊದಲು ಹಿಂದಕ್ಕೆ ಎಳೆದು ಎತ್ತರಕ್ಕೆ ಒಯ್ದು ಬಿಟ್ಟುಬಿಡುತ್ತಾರೆ. ಅದು ರಭಸದಿಂದ ಕೆಳಗಿಳಿದು, ಮೂರು ಸಲ ನಮ್ಮನ್ನು ತಲೆಕೆಳಗು ಮಾಡಿ, ಎದುರಿನ ಏರು ಹತ್ತಿ ನಿಲ್ಲುತ್ತದೆ. ಅಲ್ಲಿಂದ ಬಿಟ್ಟಾಗ ಅದೇ ಹಳಿಯ ಮೇಲೆ ಹಿಂದುಹಿಂದಾಗಿ ಓಡಿ ಮತ್ತೆ ಮೂರು ಸಲ ತಲೆಕೆಳಗು ಮಾಡಿ ಹೊರಟ ಜಾಗಕ್ಕೇ ತರುತ್ತದೆ. ಈ ಮಾದರಿಯಲ್ಲಿ ಹಳಿಯ ಉದ್ದ ಸಾಮಾನ್ಯವಾಗಿ 285 ಮೀಟರ್, ವೇಗ ಗಂಟೆಗೆ ಸುಮಾರು 75 ಕಿ.ಮೀ. ಎರಡು ನಿಮಿಷದೊಳಗೆ ಎಲ್ಲ ಮುಗಿದುಹೋಗುತ್ತದೆ.

ನಾವು ಮೂವರು ಗೆಳತಿಯರು ಮೂರು ರೀತಿಯಲ್ಲಿ ಅದನ್ನು ಹತ್ತಿದೆವು. ಆಳಂದದ ಗೆಳತಿ ಒಂದು ವಾರದಿಂದ ಮೊಬೈಲಿನಲ್ಲಿ ಅದರ ವಿಡಿಯೋ ನೋಡಿ ನೋಡಿ ಬಾಯಿಪಾಠ ಮಾಡಿದ್ದಳು. ನಾನು ಬೇಕಂತಲೇ ಏನೂ ನೋಡಿರಲಿಲ್ಲ. "ಮೊದಲೇ ಎಲ್ಲಾ ನೋಡಿದ್ರ ಮಜಾ ಏನ್ ಉಳೀತದ?" ಎಂಬುದು ನನ್ನ ವಾದ. ಜೇವರ್ಗಿಯ ಗೆಳತಿ ಹತ್ತುವುದೇ ಇಲ್ಲ ಎಂದು ಕಂಬ ಹಿಡಿದು ನಿಂತಿದ್ದಳು. ಆದರೆ ನಿಂತಲ್ಲಿಂದಲೇ ಗಾಡಿ ಮೂರು ಸಲ ಹೋಗಿ ಬಂದದ್ದನ್ನು ನೋಡಿದಳು. ಇಳಿದವರ ಮುಖ ನೋಡಿದಳು. ನಂತರ ತಾನೇ ಬಂದು ಸಾಲಿನಲ್ಲಿ ನಿಂತು, "ಎಷ್ಟು ಹೊತ್ತು ಅಂತ ಲೆಕ್ಕ ಹಾಕೀನಿ. ಅಷ್ಟು ಹೊತ್ತು ತಡ್ಕೋತೀನಿ" ಎಂದಳು.

ಈ ಕೋಸ್ಟರಿನ ವಿಶೇಷ ಏನೆಂದರೆ ಏನೂ ಗೊತ್ತಿಲ್ಲದವಳಿಗೂ ಅರ್ಧ ದಾರಿಯಲ್ಲಿ ಎಲ್ಲ ಗೊತ್ತಾಗಿಬಿಡುತ್ತದೆ. ಬಂದ ಹಳಿಯ ಮೇಲೇ ವಾಪಸ್ ಹೋಗಬೇಕಲ್ಲ! ಮುಂದೆ ಹೋಗುವಾಗ ಎಲ್ಲ ಹೊಸದು, ಯೋಚಿಸಲು ಪುರಸೊತ್ತೇ ಇರಲಿಲ್ಲ, ಬರೀ ಚೀರಾಟ. ಎರಡನೆಯ ಏರಿನ ತುದಿಯಲ್ಲಿ ನಿಂತಾಗ ಮುಂದಿನದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿಜ ಹೇಳಬೇಕೆಂದರೆ ಎದೆ ಹೆಚ್ಚು ಹೊಡೆದುಕೊಂಡದ್ದು ಆಗಲೇ. ಮೊದಲರ್ಧದಲ್ಲಿ ನಾನು ಬೆಚ್ಚಿಬಿದ್ದೆ, ಎರಡನೆಯ ಅರ್ಧದಲ್ಲಿ ಕಾದೆ. ಬೆಚ್ಚುವುದು, ಕಾಯುವುದು ಇವೆರಡೂ ಬೇರೆ ಬೇರೆ ರುಚಿ.

ಕಾಯುವುದರ ರುಚಿ ನಮಗೆ ಹೊಸದೇನಲ್ಲ. ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಗೋ ಬಂದೇ ನವಾಜರ ಉರುಸಿಗೋ ಹೋಗಿ ದೊಡ್ಡ ತೊಟ್ಟಿಲು ಹತ್ತಿದವರನ್ನು ಕೇಳಿರಿ. ಅದರಲ್ಲಿ ಗುಟ್ಟು ಎಂಬುದೇ ಇಲ್ಲ. ಇಡೀ ಚಕ್ರ ಕಣ್ಣೆದುರಿಗೇ ಇರುತ್ತದೆ. ಆದರೂ ಮೇಲಿನಿಂದ ಇಳಿಯುವಾಗ ಪ್ರತಿ ಸುತ್ತಿಗೂ ಹೊಟ್ಟೆಯಲ್ಲಿ ಝುಮ್ ಎನ್ನುತ್ತದೆ. ಬಸ್ಸಿನಲ್ಲಿ ಊರಿಗೆ ಹೋಗುವಾಗ ಯಾವ ಇಳಿಜಾರಿನಲ್ಲಿ ಹೊಟ್ಟೆ ಜಾರುತ್ತದೆ ಎಂದು ಮಕ್ಕಳಿಗೆ ಗೊತ್ತಿರುತ್ತದೆ. "ಈಗ ಬರ್ತದ, ಈಗ ಬರ್ತದ" ಎಂದು ಸೀಟು ಹಿಡಿದು ಕಾಯುತ್ತವೆ. ಗೊತ್ತಿರುವುದರಿಂದಲೇ ಅವಕ್ಕೆ ಅಷ್ಟು ಖುಷಿ.

ಹೀಗೇಕೆ ಎಂದು ವಿಜ್ಞಾನದ ಕಡೆಯಿಂದ ನೋಡೋಣ. ನಮ್ಮ ಒಳಗಿವಿಯಲ್ಲಿರುವ ಅಂಗಗಳು ದೇಹದ ವೇಗ ಬದಲಾದುದನ್ನು, ತಿರುಗಿದುದನ್ನು ಮಿದುಳಿಗೆ ಹೇಳುತ್ತವೆ. ವಿಡಿಯೋ ನೋಡಿದ್ದೀಯೋ ಇಲ್ಲವೋ ಎಂದು ಅವು ಕೇಳುವುದಿಲ್ಲ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ದಾರಕ್ಕೆ ಕಟ್ಟಿದ ಗುಂಡು ಲಂಬ ವೃತ್ತದಲ್ಲಿ ಸುತ್ತುವ ಲೆಕ್ಕ ಮಾಡಿದ್ದೇವಲ್ಲ, ಅದರ ಪ್ರಕಾರ ಗುಂಡು ವೃತ್ತದ ತುದಿಯನ್ನು ಹೇಗೋ ದಾಟುವಷ್ಟೇ ವೇಗವಿದ್ದರೂ ಕೆಳಗಿನ ಬಿಂದುವಿನಲ್ಲಿ ಅದರ ತೂಕದ 6 ಪಟ್ಟು ಎಳೆತ ಬೀಳುತ್ತದೆ. ಮನುಷ್ಯರಿಗೆ ಅಷ್ಟು ಭಾರ ಬೀಳಬಾರದೆಂದೇ ಈಗಿನ ಕೋಸ್ಟರ್‌ಗಳ ಸುತ್ತು ಪೂರ್ತಿ ದುಂಡಗಿರುವುದಿಲ್ಲ, ನೀರಿನ ಹನಿಯ ಆಕಾರದಲ್ಲಿರುತ್ತದೆ. ಈ ಲೆಕ್ಕ ನನಗೆ ಬರುತ್ತಿತ್ತು. ಆದರೂ ಸುತ್ತಿನ ತುದಿಯಲ್ಲಿ ಸೂತ್ರ ನೆನಪಾಗಲಿಲ್ಲ, ಅಮ್ಮಿ ನೆನಪಾದರು. ಕಾಗದದ ಮೇಲೆ ತಿಳಿಯುವುದು ಒಂದು, ಮೈಗೆ ತಿಳಿಯುವುದು ಇನ್ನೊಂದು.

ಹಾಗಂತ ತಿಳಿವಳಿಕೆಗೆ ಮೈಯ ಮೇಲೆ ಅಧಿಕಾರವೇ ಇಲ್ಲವೆಂದಲ್ಲ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ, ಏಕೆಂದರೆ ಕೈ ಎಲ್ಲಿ ಮುಟ್ಟುತ್ತದೆಂದು ಮಿದುಳಿಗೆ ಮೊದಲೇ ಗೊತ್ತು. ಬಸ್ಸಿನಲ್ಲಿ ನಮಗೆ ವಾಂತಿ ಬರುತ್ತದೆ, ಡ್ರೈವರಿಗೆ ಬರುವುದಿಲ್ಲ. ಮುಂದಿನ ತಿರುವು ಯಾವುದೆಂದು ಅವರಿಗೆ ಗೊತ್ತು, ಅವರ ಮೈ ಮೊದಲೇ ಸಿದ್ಧವಾಗಿರುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯವರು 1975ರಲ್ಲಿ 'ಸ್ಪೇಸ್ ಮೌಂಟನ್' ಎಂಬ ಕೋಸ್ಟರ್ ಮಾಡಿದರು. ಅದರ ವೇಗ ಗಂಟೆಗೆ ಸುಮಾರು 45 ಕಿ.ಮೀ. ಮಾತ್ರ, ನಮ್ಮ ಕೆಂಪು ಬಸ್ಸೂ ಅಷ್ಟು ಓಡುತ್ತದೆ. ಆದರೆ ಅದು ಓಡುವುದು ಕತ್ತಲೆಯಲ್ಲಿ. ತಿರುವು ಕಾಣುವುದಿಲ್ಲವಾದ್ದರಿಂದ ಕೂತವರಿಗೆ ಬಹಳ ವೇಗ ಅನ್ನಿಸುತ್ತದೆ. ಇಲ್ಲಿ ನನ್ನ ವಾದಕ್ಕೂ ಬಲವಿದೆ.

ಆಳಂದದ ಗೆಳತಿಯ ಪಕ್ಷದಲ್ಲಿಯೂ ಸಾಕ್ಷಿ ಉಂಟು. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊದ ಇಬ್ಬರು ಮನಶ್ಶಾಸ್ತ್ರಜ್ಞರು 12 ಸಣ್ಣ ಕತೆಗಳನ್ನು ಓದಿಸಿ ನೋಡಿದರು. ಕೆಲವರಿಗೆ ಕತೆಯ ಕೊನೆಯನ್ನು ಮೊದಲೇ ಹೇಳಿದ್ದರು. ಹಾಗೆ ತಿಳಿದು ಓದಿದವರೇ ಕತೆಯನ್ನು ಹೆಚ್ಚು ಮೆಚ್ಚಿದರು. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧ ಫಲವೂ ಬಂದಿದೆ. ಅಂದರೆ ವಿದ್ವಾಂಸರಲ್ಲೂ ನಮ್ಮ ಬಸ್ಸಿನ ವಾದವೇ ನಡೆಯುತ್ತಿದೆ.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಜೇವರ್ಗಿಯ ಗೆಳತಿ. ಅವಳಿಗೆ ಮಜಾ ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆಯೇ ಇರಲಿಲ್ಲ. ದಾರಿ ನೋಡದಿದ್ದರೆ ಅವಳು ಹತ್ತುತ್ತಲೇ ಇರಲಿಲ್ಲ. ನಾನು ಏನೂ ನೋಡದೆ ಹತ್ತಿದೆನಲ್ಲ, ಅದು ಧೈರ್ಯವೇ? ಭುಜದ ಮೇಲೆ ಕಬ್ಬಿಣದ ಪಟ್ಟಿ ಕೂತು ಬಿಗಿಯಾಗಿತ್ತು. ಸಿಬ್ಬಂದಿ ಬಂದು ಅದನ್ನು ಎಳೆದು ನೋಡಿದ್ದರು. ಹೊರಟ ಜಾಗಕ್ಕೇ ಬರುತ್ತೇನೆಂಬ ನಂಬಿಕೆ ಇತ್ತು. ಗೊತ್ತಿಲ್ಲದಿರುವುದು ಮಜಾ ಆಗುವುದು ಇಷ್ಟು ಭದ್ರತೆ ಇದ್ದಾಗ ಮಾತ್ರ. ಪಟ್ಟಿ ಇಲ್ಲದ ಸೀಟಿನಲ್ಲಿ ಗೊತ್ತಿಲ್ಲದಿರುವುದಕ್ಕೆ ಭಯ ಎಂದೇ ಹೆಸರು.

ನಮ್ಮ ಕಾಲೇಜಿನಲ್ಲಿ ಎಷ್ಟೋ ಜನ ಮನೆಯಿಂದ ಮೊದಲು ಪಿಯುಸಿ ಮೆಟ್ಟಿಲು ಹತ್ತಿದವರು. ಅಣ್ಣನೋ ಆಪಾನೋ ಮುಂಚೆ ಓದಿದ ಮನೆಯ ಮಕ್ಕಳಿಗೆ ದಾರಿಯ ವಿಡಿಯೋ ಮನೆಯಲ್ಲೇ ಇದೆ. ಸಿಇಟಿಗೆ ಅರ್ಜಿ ಯಾವಾಗ, ನೀಟ್‌ಗೆ ಯಾವಾಗ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಎಷ್ಟು ದಿನ ಮೊದಲು ಓಡಾಡಬೇಕು, ವಿದ್ಯಾರ್ಥಿವೇತನಕ್ಕೆ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು, ಇದೆಲ್ಲ ಅವರಿಗೆ ಊಟದ ಹೊತ್ತಿನ ಮಾತು. ನಮ್ಮ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಮೀಸಲು ಸೀಟುಗಳಿವೆ. ಅದಕ್ಕೆ ಬೇರೆಯೇ ಅರ್ಹತಾ ಪ್ರಮಾಣಪತ್ರ ಬೇಕು. ನನ್ನ ಖಾಲಾನ ಮಗಳು ಅಫಜಲಪುರದ ಹಳ್ಳಿಯವಳು, ನನಗಿಂತ ಚೆನ್ನಾಗಿ ಓದುತ್ತಿದ್ದಳು. ಅರ್ಜಿ ಹಾಕುವ ವಾರದಲ್ಲಿ ಅವಳಿಗೆ ಆ ಪ್ರಮಾಣಪತ್ರದ ಹೆಸರು ಮೊದಲು ಕಿವಿಗೆ ಬಿತ್ತು. ಅದು ಕೈಗೆ ಬರುವಷ್ಟರಲ್ಲಿ ದಿನಾಂಕ ಮುಗಿದಿತ್ತು. ಒಂದು ವರ್ಷ ಮನೆಯಲ್ಲಿ ಕೂತಳು. ಆ ವರ್ಷದಲ್ಲಿ ಮನೆಗೆ ಬಂದವರೆಲ್ಲ ಅವಳ ಮದುವೆಯ ಮಾತೇ ಎತ್ತಿದರು. ಅವಳ ಅಬ್ಬಾ ಗಟ್ಟಿಯಾಗಿ ನಿಂತರು, ಆದ್ದರಿಂದ ಈಗ ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಎಲ್ಲರ ಅಬ್ಬಾ ಹಾಗೆ ನಿಲ್ಲುತ್ತಾರೆಂದು ಹೇಳಲಾಗದು.

ಆದ್ದರಿಂದ ಪ್ರಶ್ನೆಗೆ ನನ್ನ ಉತ್ತರ ಇದು. ಆಟದ ಗಾಡಿಯಲ್ಲಿ ದಾರಿ ತಿಳಿದರೂ ಮಜಾ ಕಡಿಮೆಯಾಗುವುದಿಲ್ಲ, ಬೇರೆ ಬಗೆಯದಾಗುತ್ತದೆ. ಬೆಚ್ಚಬೇಕೆನ್ನುವವರು ನೋಡಬೇಡಿರಿ, ಕಾಯಬೇಕೆನ್ನುವವರು ನೋಡಿರಿ. ಓದಿನ ದಾರಿಯಲ್ಲಿ ಮಾತ್ರ ಈ ಆಯ್ಕೆ ಬೇಡ, ಎಲ್ಲರಿಗೂ ನಕ್ಷೆ ಸಿಗಲಿ. ಮುಂದಿನ ತಿರುವು ತಿಳಿದರೂ ಅದನ್ನು ದಾಟುವ ಝುಮ್ ಹಾಗೇ ಇರುತ್ತದೆ. ಪರೀಕ್ಷೆಯ ಬ್ಲೂಪ್ರಿಂಟ್ ನೋಡಿದವರಿಗೆ ಮೊದಲ ದಿನ ಎದೆ ಹೊಡೆದುಕೊಳ್ಳುವುದಿಲ್ಲವೇ?

ದ್ವಿತೀಯ ಪಿಯುಸಿಯ ಗೆಳೆಯರಲ್ಲಿ, ಈಗಾಗಲೇ ಕಾಲೇಜು ಬಿಟ್ಟು ಮುಂದೆ ಹೋದವರಲ್ಲಿ ಒಂದು ಕೇಳಿಕೆ. ನೀವು ಸೇರಿದ ಕೋರ್ಸಿಗೆ ಯಾವ ಕಾಗದ ಬೇಕಾಯಿತು, ಎಲ್ಲಿ ಸಿಕ್ಕಿತು, ಎಷ್ಟು ದಿನ ಹಿಡಿಯಿತು ಎಂದು ಒಂದು ಪುಟ ಬರೆದು ಗ್ರಂಥಾಲಯದಲ್ಲಿ ಕೊಡಿರಿ. ಮೇಡಂ ಅದಕ್ಕೊಂದು ಫೈಲು ಇಡಲು ಒಪ್ಪಿದ್ದಾರೆ. ಖಾಲಾನ ಮಗಳು ಬರೆದುಕೊಟ್ಟ ಪುಟವನ್ನು ಮೊದಲನೆಯದಾಗಿ ಅದರಲ್ಲಿ ಹಾಕಿದ್ದೇನೆ. ಇನ್ ಶಾ ಅಲ್ಲಾಹ್, ರಂಜಾನ್ ರಜೆ ಮುಗಿಯುವಷ್ಟರಲ್ಲಿ ಇನ್ನೂ ಹತ್ತು ಪುಟ ಸೇರಲಿ.