ಥೇಮ್ಸ್ ತೀರದಲ್ಲಿ ಒಂದು ದಿನ

ರೋಮನ್ನರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಥೇಮ್ಸ್ ನದಿಯ ದಡದಲ್ಲಿ ಹೂಡಿದ ನೆಲೆಯೇ ಬೆಳೆಬೆಳೆದು ಇಂದಿನ ಲಂಡನ್ ಮಹಾನಗರವಾಗಿದೆ. ಇಂತಹ ನಗರವನ್ನು ಒಂದು ದಿನದಲ್ಲಿ ನೋಡಿ ಮುಗಿಸುತ್ತೇವೆಂದು ಹೊರಡುವುದು ಸಾಹಸವೇ ಸರಿ. ಆದರೂ ಮಕ್ಕಳು, ಮೊಮ್ಮಕ್ಕಳನ್ನು ನೋಡಲೆಂದು ವಿದೇಶಕ್ಕೆ ಹೋಗಿಬರುವ ನಮ್ಮಂತಹ ಹಿರಿಯರಿಗೆ ಮಾರ್ಗದರ್ಶಿ ಸಹಿತವಾದ ಪ್ರವಾಸದ ಬಸ್ಸೇ ದೊಡ್ಡ ಆಸರೆ. ಹತ್ತುವುದು, ಇಳಿಯುವುದು, ದಾರಿ ಕೇಳುವುದು ಯಾವುದರ ಚಿಂತೆಯೂ ಇಲ್ಲ.

ನಾವು ಬಸ್ಸನ್ನೇರಿದಾಗ ಬೆಳಗಿನ ಒಂಬತ್ತು ಗಂಟೆ. ಮಾರ್ಗದರ್ಶಿಯಾಗಿ ಬಂದಿದ್ದವರು ನಿವೃತ್ತ ಶಾಲಾ ಶಿಕ್ಷಕಿ. ಮೊದಲು ವೆಸ್ಟ್‌ಮಿನ್‌ಸ್ಟರ್ ಅಬ್ಬೆ, ಅದರೆದುರಿಗೆ ಪಾರ್ಲಿಮೆಂಟ್ ಭವನ. ೧೦೬೬ರಿಂದ ಇಂಗ್ಲೆಂಡಿನ ರಾಜರ ಪಟ್ಟಾಭಿಷೇಕ ನಡೆಯುತ್ತ ಬಂದಿರುವುದು ಈ ಅಬ್ಬೆಯಲ್ಲಿಯೇ. ಬಿಗ್ ಬೆನ್ ಎಂಬುದು ಗೋಪುರದ ಹೆಸರೆಂದು ನಮ್ಮಲ್ಲನೇಕರು ತಿಳಿದಿದ್ದೆವು. ಅದು ಒಳಗಿರುವ ದೊಡ್ಡ ಗಂಟೆಯ ಹೆಸರು; ಗೋಪುರಕ್ಕೆ ೨೦೧೨ರಿಂದ ಎಲಿಜಬೆತ್ ಗೋಪುರವೆಂಬ ಹೆಸರಿದೆ. ಎದುರಿನ ಚೌಕದಲ್ಲಿ ೨೦೧೫ರಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧೀಜಿಯವರ ಪ್ರತಿಮೆಗೆ ಕೈಮುಗಿದು ಮುಂದೆ ಸಾಗಿದೆವು.

ಬಸ್ಸು ನದಿಯ ಪಕ್ಕದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ರಸ್ತೆಗಿಳಿದಾಗ ಆ ತಾಯಿ ಗೋಡೆಯ ಮೇಲಿನ ಒಂದು ಸಣ್ಣ ಸ್ಮಾರಕದತ್ತ ಬೆರಳು ತೋರಿದರು. ಅದು ಜೋಸೆಫ್ ಬಾಜಲ್ಗೆಟ್ ಎಂಬ ಇಂಜಿನಿಯರನದು. ಊರಿನ ಕೊಳಚೆಯೆಲ್ಲ ಥೇಮ್ಸ್ ನದಿಗೇ ಹರಿಯುತ್ತಿದ್ದ ಕಾಲವೊಂದಿತ್ತು. ೧೮೫೪ರಲ್ಲಿ ಸೋಹೋ ಬಡಾವಣೆಯ ಒಂದೇ ಕೈಪಂಪಿನ ನೀರಿನ ಸುತ್ತ ಹಬ್ಬಿದ ಕಾಲರಾ ಆರುನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಜಾನ್ ಸ್ನೋ ಎಂಬ ವೈದ್ಯರು ಮನೆಮನೆ ವಿಚಾರಿಸಿ, ರೋಗ ನೀರಿನಿಂದ ಬರುತ್ತದೆಂದು ತೋರಿಸಿ, ಆ ಪಂಪಿನ ಹಿಡಿಯನ್ನೇ ತೆಗೆಸಿದರು. ಆದರೂ ಆಳುವವರು ಎಚ್ಚೆತ್ತಿರಲಿಲ್ಲ. ೧೮೫೮ರ ಬೇಸಿಗೆಯಲ್ಲಿ ನದಿಯ ದುರ್ಗಂಧ ಪಾರ್ಲಿಮೆಂಟಿನ ಒಳಕ್ಕೇ ನುಗ್ಗಿತು. ಸುಣ್ಣದ ದ್ರಾವಣದಲ್ಲಿ ಅದ್ದಿದ ಪರದೆಗಳನ್ನು ಕಿಟಕಿಗಳಿಗೆ ಇಳಿಬಿಟ್ಟರೂ ಸದಸ್ಯರಿಗೆ ಕುಳಿತಿರಲಾಗಲಿಲ್ಲ. ಬಡವರ ಕೇರಿಯಲ್ಲಿ ವರ್ಷಗಟ್ಟಲೆ ಇದ್ದ ವಾಸನೆ ತಮ್ಮ ಮೂಗಿಗೆ ತಾಗಿದ ಮೇಲೆ ಕಾನೂನು ಬೇಗನೆ ಹೊರಬಿತ್ತು! ಬಾಜಲ್ಗೆಟ್ ನೆಲದಡಿಯಲ್ಲಿ ೮೨ ಮೈಲಿ ಉದ್ದದ ಮುಖ್ಯ ಒಳಚರಂಡಿಗಳನ್ನು ಇಟ್ಟಿಗೆಯಲ್ಲಿ ಕಟ್ಟಿಸಿದರು. ೧೮೭೦ರಲ್ಲಿ ತೆರೆದ ಈ ರಸ್ತೆಯ ಅಡಿಯಲ್ಲಿಯೂ ಅಂತಹದೊಂದು ಚರಂಡಿ ಹರಿಯುತ್ತಿದೆ. ನಮ್ಮ ಬಸ್ಸಿನಲ್ಲಿ ಅದರ ಚಿತ್ರ ತೆಗೆದುಕೊಂಡವರು ಯಾರೂ ಇರಲಿಲ್ಲ. ತೆಗೆಯಲು ಕಣ್ಣಿಗೆ ಕಾಣುವುದಾದರೂ ಏನಿತ್ತು?

ಮುಂದೆ ಸೇಂಟ್ ಪಾಲ್ ಕ್ಯಾಥೆಡ್ರಲ್. ೧೬೬೬ರ ಸೆಪ್ಟೆಂಬರಿನಲ್ಲಿ ಒಬ್ಬ ರೊಟ್ಟಿಗಾರನ ಮನೆಯಲ್ಲಿ ಹೊತ್ತಿದ ಬೆಂಕಿ ನಾಲ್ಕು ದಿನಗಳಲ್ಲಿ ಹಳೆಯ ನಗರದ ಬಹುಭಾಗವನ್ನು ಸುಟ್ಟುಹಾಕಿತು. ಆ ಬೂದಿಯ ಮೇಲೆ ಕ್ರಿಸ್ಟಫರ್ ರೆನ್ ಈ ಭವ್ಯ ಮಂದಿರವನ್ನು ಕಟ್ಟಿದರು. ಗುಮ್ಮಟದ ಎತ್ತರ ೩೬೫ ಅಡಿ. ಕತ್ತೆತ್ತಿ ನೋಡಿ ನೋಡಿ ದಣಿದ ನಮ್ಮನ್ನು ಆ ಶಿಕ್ಷಕಿ, ಕಾರ್ಯಕ್ರಮದ ಪಟ್ಟಿಯಲ್ಲಿ ಇಲ್ಲದ ಸಮೀಪದ ಉದ್ಯಾನವೊಂದಕ್ಕೆ ಕರೆದೊಯ್ದರು. ಅದರ ಹೆಸರು ಪೋಸ್ಟ್‌ಮನ್ಸ್ ಪಾರ್ಕ್.

ಅಲ್ಲೊಂದು ಸಾಧಾರಣ ಚಾವಣಿ. ಅದರಡಿಯ ಗೋಡೆಯ ಮೇಲೆ ಐವತ್ತಕ್ಕೂ ಹೆಚ್ಚು ಬರಹದ ಫಲಕಗಳು. ಪರರ ಪ್ರಾಣ ಉಳಿಸಲು ಹೋಗಿ ತಮ್ಮ ಪ್ರಾಣ ನೀಗಿದ ಸಾಮಾನ್ಯರ ಹೆಸರುಗಳು ಅಲ್ಲಿವೆ. ಜಿ. ಎಫ್. ವಾಟ್ಸ್ ಎಂಬ ಪ್ರಸಿದ್ಧ ಚಿತ್ರಕಾರರು ತಮ್ಮ ಇಳಿವಯಸ್ಸಿನಲ್ಲಿ, ೧೯೦೦ರಲ್ಲಿ, ಇದನ್ನು ಆರಂಭಿಸಿದರು. ಆಲಿಸ್ ಏರ್ಸ್ ಎಂಬ ತರುಣಿಯ ಫಲಕದ ಮುಂದೆ ನಾವು ಬಹಳ ಹೊತ್ತು ನಿಂತೆವು. ಗಾರೆ ಕೆಲಸದ ಕೂಲಿಯವನ ಮಗಳು ಆಕೆ. ೧೮೮೫ರ ಏಪ್ರಿಲ್‌ನಲ್ಲಿ ಉರಿಯುವ ಮನೆಯಿಂದ ಮೂವರು ಮಕ್ಕಳನ್ನು ಬದುಕಿಸಿ ತಾನು ತೀರಿಕೊಂಡಳು. ನಮ್ಮ ಗುಂಪಿನ ತಾಯಂದಿರ ಕಣ್ಣುಗಳು ಒದ್ದೆಯಾದವು. ಟಿಕೆಟ್ಟಿಲ್ಲ, ಸಾಲಿಲ್ಲ, ಹೊರಡಿರೆಂದು ಅವಸರಪಡಿಸುವವರಿಲ್ಲ. ಅಲ್ಲಿಯ ಬೆಂಚುಗಳ ಮೇಲೆಯೇ ಕುಳಿತು, ಮನೆಯಿಂದ ಕಟ್ಟಿಕೊಂಡು ಬಂದಿದ್ದ ಚಪಾತಿ ಪಲ್ಯದ ಬುತ್ತಿ ಬಿಚ್ಚಿದೆವು.

ಮಧ್ಯಾಹ್ನ ಲಂಡನ್ ಟವರ್ ಕೋಟೆ. ಒಂಬತ್ತು ಶತಮಾನಗಳಿಗೂ ಹಿಂದೆ ವಿಜಯಿ ವಿಲಿಯಂ ಆರಂಭಿಸಿದ ಈ ಕೋಟೆ ಅರಮನೆಯೂ ಆಗಿತ್ತು, ಸೆರೆಮನೆಯೂ ಆಗಿತ್ತು. ರಾಜಕಿರೀಟಗಳಿರುವ ಕೋಣೆಯಲ್ಲಿ ಪ್ರೇಕ್ಷಕರ ಕಾಲಡಿಯ ನೆಲವೇ ಚಲಿಸುತ್ತದೆ. ನಿಲ್ಲಬೇಕೆಂದರೂ ಅದು ನಮ್ಮನ್ನು ಮುಂದಕ್ಕೆ ಸಾಗಿಸುತ್ತದೆ. ನಮ್ಮ ಕಣ್ಣುಗಳು ಅರಸಿದ್ದು ಕೊಹಿನೂರನ್ನು. ಪಂಜಾಬನ್ನು ಗೆದ್ದ ಬ್ರಿಟಿಷರು ೧೮೪೯ರಲ್ಲಿ ಹತ್ತು ವರ್ಷದ ಬಾಲಕ ಮಹಾರಾಜ ದುಲೀಪಸಿಂಹನಿಂದ ಒಪ್ಪಂದವೊಂದರ ಮೂಲಕ ಪಡೆದ ವಜ್ರವದು. ಈಗ ೧೯೩೭ರಲ್ಲಿ ಮಾಡಿದ ಕಿರೀಟದಲ್ಲಿ ಕುಳಿತಿದೆ. ಹೊರಬಂದ ಮೇಲೆ ನಮ್ಮ ಜೊತೆಯ ಅಜ್ಜಿಯೊಬ್ಬರು, "ಇದನ್ನು ಕಂಡು ಹಿಗ್ಗಬೇಕೋ, ಮರುಗಬೇಕೋ?" ಎಂದು ಕೇಳಿದರು. ಉತ್ತರ ಯಾರಿಗೂ ತೋಚಲಿಲ್ಲ. ಮಗುವಿನ ಕೈಯಿಂದ ಬಂದ ಕಲ್ಲು ಎಷ್ಟು ಹೊಳೆದರೇನು ಎಂಬ ಭಾವವಂತೂ ನಮ್ಮೆಲ್ಲರಲ್ಲಿ ಮೂಡಿತು.

ದೋಣಿಯಲ್ಲಿ ನದಿಯ ಮೇಲೆಯೇ ಹಿಂದಿರುಗಿ ವೆಸ್ಟ್‌ಮಿನ್‌ಸ್ಟರ್ ತಲುಪಿದಾಗ ಪ್ರವಾಸ ಮುಗಿಯಿತು. ಶಿಕ್ಷಕಿಯನ್ನು ವಂದಿಸಿ ಬೀಳ್ಕೊಟ್ಟೆವು. ಆದರೆ ನಮಗೆ ಇನ್ನೊಂದು ದರ್ಶನ ಬಾಕಿಯಿತ್ತು. ಸೇತುವೆ ದಾಟಿ, ಸೇಂಟ್ ಥಾಮಸ್ ಆಸ್ಪತ್ರೆಯ ಮಗ್ಗುಲಿನ ನದೀತೀರದ ದಾರಿ ಹಿಡಿದೆವು. ಅಲ್ಲಿಯ ಉದ್ದನೆಯ ಗೋಡೆಯ ತುಂಬ ಕೈಯಿಂದ ಬರೆದ ಕೆಂಪು ಹೃದಯಗಳು! ಕೋವಿಡ್ ರೋಗದಲ್ಲಿ ತಮ್ಮವರನ್ನು ಕಳೆದುಕೊಂಡವರು ೨೦೨೧ರ ಮಾರ್ಚ್‌ನಲ್ಲಿ ಬರೆಯತೊಡಗಿದ ಗೋಡೆಯಿದು. ಅಳಿದ ಒಂದೊಂದು ಜೀವಕ್ಕೆ ಒಂದೊಂದು ಹೃದಯ. ಒಂದೂವರೆ ಲಕ್ಷಕ್ಕೂ ಮೀರಿವೆ. ಕೆಲವುಗಳೊಳಗೆ ಅಪ್ಪ, ಅಮ್ಮ, ಅಜ್ಜಿ ಎಂದು ಬರೆದಿದ್ದಾರೆ. ಗೋಡೆಯ ಎದುರಿಗೆ, ನದಿಯ ಆಚೆ, ಪಾರ್ಲಿಮೆಂಟ್. ಆಳುವವರ ಕಣ್ಣೆದುರಿಗೇ ಪ್ರಜೆಗಳು ತಮ್ಮ ದುಃಖವನ್ನು ಬರೆದಿಟ್ಟಿದ್ದಾರೆ.

ಇನ್ನಷ್ಟು ದೂರ ನಡೆದು ಲ್ಯಾಂಬೆತ್ ಸೇತುವೆಯನ್ನು ಹಾಯ್ದರೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ ವಿಶ್ವಗುರು ಬಸವಣ್ಣನವರ ಪ್ರತಿಮೆ. ಕಲಬುರಗಿಯ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರರೂ ಆದ ಡಾ. ನೀರಜ್ ಪಾಟೀಲರ ಪರಿಶ್ರಮದ ಫಲವಿದು. ಪ್ರಧಾನಿ ನರೇಂದ್ರ ಮೋದಿಯವರು ೨೦೧೫ರ ನವೆಂಬರ್ ೧೪ರಂದು ಇದನ್ನು ಅನಾವರಣಗೊಳಿಸಿದರು. ಅಣ್ಣನವರು ನಿಂತಿರುವ ಈ ದಂಡೆಯನ್ನು ೧೮೬೯ರಲ್ಲಿ ಕಟ್ಟಿ ಮುಗಿಸಿದವರೂ ಅದೇ ಬಾಜಲ್ಗೆಟ್! ಪದೇಪದೇ ನೆರೆಗೆ ಸಿಕ್ಕುತ್ತಿದ್ದ ಲ್ಯಾಂಬೆತ್‌ನ ತಗ್ಗುಪ್ರದೇಶಕ್ಕೆ ಅದರಿಂದ ರಕ್ಷಣೆ ದೊರೆಯಿತು. ಕಾಯಕಕ್ಕೆ ಮೇಲು ಕೀಳಿಲ್ಲವೆಂದು ಬಾಳಿ ತೋರಿಸಿದ ಮಹಾತ್ಮರ ಪ್ರತಿಮೆಗೆ, ಊರಿನ ಕೊಳಚೆಯನ್ನು ಸಾಗಿಸುವುದನ್ನೇ ಜೀವನದ ಕೆಲಸವೆಂದು ನಂಬಿದವನು ಕಟ್ಟಿದ ನೆಲವೇ ಒದಗಿತು. ಯಾರೂ ಯೋಚಿಸಿ ಕೂಡಿಸಿದ್ದಲ್ಲ. ಆದರೂ ಇದಕ್ಕಿಂತ ಯೋಗ್ಯವಾದ ಸ್ಥಳ ಆ ನಗರದಲ್ಲಿ ಇನ್ನೊಂದಿರಲಾರದೆಂದು ನಮಗೆ ಅನ್ನಿಸಿತು.

ಲಂಡನ್ನಿಗೆ ಹೋಗುವ ಬಂಧುಗಳು ಕಿರೀಟಗಳನ್ನು ಅವಶ್ಯವಾಗಿ ನೋಡಲಿ. ಅದಕ್ಕೆ ಅರ್ಧ ದಿನ ಸಾಕು. ಉಳಿದರ್ಧ ದಿನವನ್ನು ಪೋಸ್ಟ್‌ಮನ್ಸ್ ಪಾರ್ಕಿಗೂ ಆ ಹೃದಯಗಳ ಗೋಡೆಗೂ ಬಸವಣ್ಣನವರ ಸನ್ನಿಧಿಗೂ ಮೀಸಲಿಡಲಿ. ಮೂರಕ್ಕೂ ಪ್ರವೇಶಶುಲ್ಕವಿಲ್ಲ. ಮಕ್ಕಳು ಮೊಮ್ಮಕ್ಕಳು ಜೊತೆಗಿದ್ದರೆ ಅವರನ್ನೂ ಕರೆದೊಯ್ಯಿರಿ. ನಡಿಗೆಗೆ ಹಗುರವಾದ ಪಾದರಕ್ಷೆ, ಕೈಯಲ್ಲೊಂದು ಕೊಡೆ ಮಾತ್ರ ಮರೆಯದಿರಲಿ. ಅಲ್ಲಿಯ ಮಳೆಗೆ ಕಾಲವಿಲ್ಲ.