ಮಂದವಾದ ಸೆನ್ಸರ್

ಪುಣೆಯಲ್ಲಿ ಮಗಳ ಹಳೆಯ ಕಾರಿನ ಮೈಲೇಜು ಇಳಿದು ಚೆಕ್ ಇಂಜಿನ್ ದೀಪ ಹತ್ತಿತು. ಧಾರವಾಡದಿಂದ ಬಂದಿದ್ದ ನಿವೃತ್ತ ಮಾಸ್ತರರು ಹೊಸ ಆಕ್ಸಿಜನ್ ಸೆನ್ಸರ್ ತಂದೇಬಿಟ್ಟರು.

“ತಡೀರಿ ಅಪ್ಪಾ, ಮೊದ್ಲ ಪೈಪ್ ನೋಡೂಣು,” ಎಂದಳು ಮಗಳು.

ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಿನ ಗಾಳಿಯೊಡನೆ ಹೋಲಿಸಿ ಸುದ್ದಿ ಮುಟ್ಟಿಸುತ್ತದೆ. 1 ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಲೆಕ್ಕ ನಿಂತಿರುವುದು ಆ ಸುದ್ದಿಯ ಮೇಲೆ. ಸೆನ್ಸರಿಗಿಂತ ಮುಂಚೆ ಹೊಗೆಯ ಪೈಪು ಬಿರುಕಿದ್ದರೆ ಹೊರಗಾಳಿ ನುಗ್ಗಿ, ಸರಿಯಿದ್ದ ಸೆನ್ಸರೂ ತಪ್ಪು ಸುದ್ದಿ ಕೊಡುತ್ತದೆ.

ಬಿರುಕಿರಲಿಲ್ಲ; ವಯಸ್ಸಾಗಿ ಸೆನ್ಸರೇ ಮಂದವಾಗಿತ್ತು. ಹಾಗೇ ಬಿಟ್ಟಿದ್ದರೆ ಹೆಚ್ಚಾದ ಪೆಟ್ರೋಲು ಕೆಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತಿತ್ತು. ಇಂಜಿನ್ ಆರಿದ ಮೇಲೆ ಮಗಳು ತುಕ್ಕಿಗೆ ಎಣ್ಣೆ ಬಿಟ್ಟು, 22 ಮಿ.ಮೀ. ಸ್ಪ್ಯಾನರಿನಿಂದ ಬಿಚ್ಚಿ, ತುದಿಗೆ ಗ್ರೀಸು ತಾಗದಂತೆ ಹೊಸದನ್ನು ಕೂರಿಸಿದಳು.

“ಮಂದ ಆದವರನ್ನೆಲ್ಲಾ ಹಿಂಗ ಬಿಚ್ಚಿ ಒಗೀತಿ ಏನವ್ವಾ?” ಎಂದರು ಮಾಸ್ತರರು.